ಮೀನಿಗೆಂದು ಇಟ್ಟ ನೀರು

ನೀರು ಸರಬರಾಜು ಮಂಡಳಿಯ ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಚೀಟಿಯಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಬಾಟಲಿ ಎಂಬುದೊಂದು ಕಣ್ಣಿಗೆ ಬಿದ್ದರೆ ಸಾಕು, ಅದಕ್ಕೆ ಚೀಟಿ ಅಂಟಿಸದೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಯಾವ ಬೀದಿ, ಎಷ್ಟನೆಯ ಮನೆ, ಯಾವ ನಲ್ಲಿ, ಯಾವ ದಿನ, ಎಷ್ಟು ಗಂಟೆ, ಕೆಳಗೆ ಅವನದೊಂದು ಸಣ್ಣ ಸಹಿ. ಕ್ಯಾಂಟೀನಿನ ಉಪ್ಪಿನ ಡಬ್ಬಿಗೂ ಸಕ್ಕರೆ ಡಬ್ಬಿಗೂ ಅವನದೇ ಅಕ್ಷರ. ಪಂಪ್ ಮನೆಯವರಂತೂ, “ಅವನ ಪಕ್ಕ ಎರಡು ನಿಮಿಷ ಅಲ್ಲಾಡದೆ ನಿಲ್ಲಬೇಡಿ, ನಿಮ್ಮ ಹಣೆಗೂ ಒಂದು ಅಂಟಿಸಿಬಿಡ್ತಾನೆ” ಎಂದು ಹೊಸಬರನ್ನು ಹೆದರಿಸುತ್ತಿದ್ದರು. ಅವನು ನಗುತ್ತಿರಲಿಲ್ಲ. “ಚೀಟಿ ಇಲ್ಲದ ಬಾಟಲಿ, ಗುರುತು ಸಿಗದ ಹೆಣ, ಎರಡೂ ಒಂದೇ. ಎಲ್ಲಿಂದ ಬಂತು, ಯಾಕೆ ಕೆಟ್ಟಿತು, ಯಾರನ್ನ ಕೇಳ್ತೀಯಾ?” ಎನ್ನುತ್ತಿದ್ದ.

ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಬೆಳಿಗ್ಗೆ ಮರದ ಪೆಟ್ಟಿಗೆಯಲ್ಲಿ ಹದಿನಾರು ಬಾಟಲಿ ಜೋಡಿಸಿ, ಹಳೆಯ ಸ್ಕೂಟರಿನ ಹಿಂದೆ ಬಿಗಿದು, ಊರಿನ ಮನೆಮನೆಗೂ ಹೋಗಿ ನಲ್ಲಿಯ ನೀರು ಹಿಡಿದು ತರುವುದು. ಗಾಜಿನ ನಳಿಗೆಯಲ್ಲಿ ಒಂದಿಷ್ಟು ನೀರು, ಮೇಲೆ ಎರಡು ಹನಿ ಔಷಧಿ. ನೀರು ಹಳದಿಯಾದರೆ ಅದರಲ್ಲಿ ಕ್ಲೋರಿನ್ ಉಳಿದಿದೆ, ಕಾವಲುಗಾರ ಎದ್ದಿದ್ದಾನೆ ಎಂದರ್ಥ. ಬಣ್ಣ ಬಾರದಿದ್ದರೆ ಅಲ್ಲೇ ನಿಂತು ಪಂಪ್ ಮನೆಗೆ ಫೋನು. ಅವನ ಮಟ್ಟಿಗೆ ಲೋಕದಲ್ಲಿ ಇದ್ದದ್ದು ಎರಡೇ ಜಾತಿಯ ನೀರು, ಕಾವಲಿರುವುದು ಮತ್ತು ಕಾವಲಿಲ್ಲದ್ದು. ಮನೆಯಲ್ಲೂ ಅವನು ಕುಡಿಯುತ್ತಿದ್ದದ್ದು ಮಂಡಳಿಯ ಸೋಸು ತೊಟ್ಟಿಯಿಂದ ತಾನೇ ತುಂಬಿಸಿ ತಂದ ಬಾಟಲಿಯ ನೀರನ್ನೇ. ನೆಂಟರ ಮನೆಗೆ ಹೋದರೂ ಬಾಟಲಿ ಕಂಕುಳಲ್ಲಿ. “ಇವನಿಗೆ ಹೆಣ್ಣು ಕೊಡೋರು ಬಾಟಲಿ ನೋಡಿಯೇ ಓಡಿಹೋದ್ರು” ಎಂದು ಅಕ್ಕ ರೇಗಿಸುತ್ತಿದ್ದಳು.

ಹೆಣ್ಣು ಸಿಗದ ಮಾತು ಪೂರ್ತಿ ಸುಳ್ಳಲ್ಲ. ಮದುವೆ ಎಂದು ಹೊರಟಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಕೊನೆಗೆ ಹೊರಡುವುದೂ ನಿಂತಿತು, ಅಡ್ಡ ಬರುವುದೂ ನಿಂತಿತು. ಅವನಿಗೆ ಐವತ್ತೆಂಟು, ಅಕ್ಕನಿಗೆ ಎಪ್ಪತ್ತು. ಅಕ್ಕ ಮದುವೆಯಾಗಿ ಹೋದವಳು ಮೂರೇ ತಿಂಗಳಿಗೆ ತವರಿಗೆ ಮರಳಿ, ಯಾಕೆಂದು ಯಾರಿಗೂ ಹೇಳದೆ ಹೊಲಿಗೆ ಯಂತ್ರದ ಮುಂದೆ ಕೂತವಳು. ಆಗಲೇ ತೀರಿಕೊಂಡಿದ್ದ ಅಮ್ಮನ ಜಾಗವನ್ನು ಏಳು ವರ್ಷದ ತಮ್ಮನಿಗಾಗಿ ತುಂಬಿದವಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಅವನನ್ನು ಓದಿಸಿದಳು. ಅಕ್ಷರ ತಿದ್ದಿಸಿದ್ದೂ ಅವಳೇ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ, ಕತ್ತರಿಸಿ ಉಳಿದ ನೀಲಿ ಬಟ್ಟೆಯ ಮೇಲೆ. ಅಕ್ಷರ ವಕ್ರವಾದರೆ ಬೆರಳ ಗೆಣ್ಣಿಗೆ ಅಳತೆಪಟ್ಟಿಯಿಂದ ತಟ್ಟಿ, “ದುಂಡಗೆ ಬರಿ. ಓದೋರಿಗೆ ಕಷ್ಟ ಕೊಡಬಾರದು” ಎನ್ನುತ್ತಿದ್ದಳು. ಇಡೀ ಪ್ರಯೋಗಾಲಯ ಹೊಗಳುತ್ತಿದ್ದ ಅವನ ಅಕ್ಷರ ಅವಳ ಕೈಯ ಬಳುವಳಿ.

ಅವಳಿಗೊಂದು ಗೀಳಿತ್ತು. ಅಕ್ಷರ ಕಂಡರೆ ಓದದೆ ಬಿಡುತ್ತಿರಲಿಲ್ಲ. ದಿನಸಿ ಕಟ್ಟಿಕೊಂಡು ಬಂದ ಕಾಗದ, ಬಸ್ ಟಿಕೆಟ್ಟಿನ ಹಿಂಭಾಗ, ಸಾಬೂನಿನ ಹೊದಿಕೆ, ಗುಳಿಗೆಯ ಪಟ್ಟಿಯ ಮೇಲಿನ ಇರುವೆಯಂಥ ಅಕ್ಷರ, ಎಲ್ಲವನ್ನೂ ಕನ್ನಡಕ ಏರಿಸಿ ಓದಿ, ಅದರಲ್ಲಿ ಹೇಳಿದಂತೆಯೇ ನಡೆಯುವಳು. ‘ನೆರಳಿನಲ್ಲಿಡಿ’ ಎಂದಿದ್ದರೆ ಅದು ನೆರಳಿನಲ್ಲೇ ಇರಬೇಕು. ‘ಅಲುಗಾಡಿಸಿ ಬಳಸಿ’ ಎಂದಿದ್ದರೆ ತೋಳು ಸೋಲುವವರೆಗೆ ಅಲುಗಾಡಿಸುವಳು. ಬರೆದವನು ಸುಮ್ಮನೆ ಬರೆದಿರುತ್ತಾನೆಯೇ ಎಂಬುದು ಅವಳ ವಾದ.

ಇನ್ನೊಂದು ವಿಷಯದಲ್ಲಿ ಮಾತ್ರ ಅವಳು ತಮ್ಮನಿಗೆ ಸೋಲುತ್ತಿರಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ವಾಸನೆ ಅವಳಿಗೆ ಆಗದು. ತಮ್ಮನ ಅಂಗಿಯಲ್ಲೂ ಅದೇ ವಾಸನೆ. “ಹೊರಗೇ ಬಿಚ್ಚಿ ಬಾ. ಆಸ್ಪತ್ರೆನೇ ಎದ್ದು ಮನೆಗೆ ಬಂದಂತಾಯ್ತು” ಎಂದು ಬಾಗಿಲಲ್ಲೇ ತಡೆಯುವಳು. “ಆ ವಾಸನೆ ಇರೋದ್ರಿಂದಲೇ ನಾವು ಆಸ್ಪತ್ರೆಗೆ ಹೋಗದೆ ಉಳಿದಿರೋದು” ಎಂದು ಅವನು ಬಿಚ್ಚುತ್ತಲೇ ಉತ್ತರಿಸುವನು. ಮೂವತ್ತೊಂದು ವರ್ಷ ದಿನಾ ಸಂಜೆ ಇದೇ ಮಾತು, ಇದೇ ಉತ್ತರ.

ಮೀನುಗಳು ಮನೆಗೆ ಬಂದದ್ದು ಎರಡು ವರ್ಷದ ಕೆಳಗೆ. ಅವು ಮಂಡಳಿಯ ಮೀನುಗಳೇ. ಹೊಳೆಯಿಂದ ಬರುವ ನೀರನ್ನು ಒಂದು ಗಾಜಿನ ತೊಟ್ಟಿಗೆ ಹರಿಸಿ, ಅದರಲ್ಲಿ ಐದು ಮೀನು ಬಿಟ್ಟಿದ್ದರು. ಮೀನು ಹೊಟ್ಟೆ ಮೇಲಾಗಿ ತೇಲಿದರೆ ಹೊಳೆಗೆ ಯಾರೋ ವಿಷ ಬಿಟ್ಟಿದ್ದಾರೆಂದು ಗೊತ್ತಾಗುತ್ತಿತ್ತು. ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ತೊಟ್ಟಿಯನ್ನು ಗುಜರಿಗೆ ಹಾಕಿ ಎಂದರು. ಮೀನುಗಳ ಬಗ್ಗೆ ಆದೇಶದಲ್ಲಿ ಒಂದಕ್ಷರವೂ ಇರಲಿಲ್ಲ. ಅವನು ತೊಟ್ಟಿ, ಮೀನು ಎರಡನ್ನೂ ಆಟೋದಲ್ಲಿ ಮನೆಗೆ ತಂದ. “ನಿನಗಿಂತ ಮುಂಚೆ ಇವು ನಿವೃತ್ತಿ ಆದವಾ?” ಎಂದು ಅಕ್ಕ ಬಗ್ಗಿ ನೋಡಿದಳು. ಎರಡನೆಯ ದಿನವೇ ಅವಳು ಹೊಲಿಗೆ ಯಂತ್ರವನ್ನು ತೊಟ್ಟಿಯ ಕಡೆ ತಿರುಗಿಸಿಕೊಂಡಿದ್ದಳು.

ಮೊದಲ ವಾರ ನೀರು ಬದಲಿಸುವಾಗ ಅವನಿಂದ ತಪ್ಪಾಯಿತು. ಊರಿಗೆಲ್ಲ ನೀರಿನ ಪಾಠ ಹೇಳುವವನು ನಲ್ಲಿಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೇರ ತೊಟ್ಟಿಗೆ ಸುರಿದ. ಹೊಳೆ ನೀರಿನಲ್ಲಿ ಬೆಳೆದ ಮೀನುಗಳು ಅವು. ಹತ್ತೇ ನಿಮಿಷಕ್ಕೆ ಮೇಲೆ ಬಂದು ಬಾಯಿ ಬಡಿಯತೊಡಗಿದವು, ಕಿವಿರು ಕೆಂಪಾದವು, ಎಲ್ಲಕ್ಕೂ ದೊಡ್ಡದು ಒಂದು ಸುತ್ತು ಹೊರಳಿ ತಳಕ್ಕೆ ಹೋಯಿತು. ಅವನು ಪ್ರಯೋಗಾಲಯಕ್ಕೆ ಓಡಿ ಕ್ಲೋರಿನ್ ಕಳೆಯುವ ಹೈಪೋ ಹರಳಿನ ಪೊಟ್ಟಣ ತಂದು ಚಿಟಿಕೆ ಹಾಕಿದ ಮೇಲೆ ಉಳಿದ ನಾಲ್ಕು ಬದುಕಿದವು.

ಅಕ್ಕ ಸತ್ತ ಮೀನನ್ನು ಬಟ್ಟೆಯ ತುಂಡಿನಲ್ಲಿ ಸುತ್ತುತ್ತ ಕೇಳಿದಳು, “ಮೀನು ಸಾಯೋ ನೀರನ್ನ ನಾವು ಕುಡೀತಿದ್ದೀವಾ?”

ಅವನು ನಕ್ಕುಬಿಟ್ಟ. “ನಲ್ಲಿ ನೀರು ಮೀನಿಗೆ ವಿಷ ಅಕ್ಕಾ, ನಮಗಲ್ಲ. ಅದು ಕಿವಿರಿನಿಂದ ಉಸಿರಾಡುತ್ತೆ, ನಾವು ಮೂಗಿನಿಂದ. ಈ ಹರಳು ಹಾಕಿದ್ರೆ ವಿಷ ಹೋಯ್ತು, ನೀರು ಚೊಕ್ಕ ಆಯ್ತು. ವಾಸನೆ ನೋಡು ಬೇಕಿದ್ರೆ.”

ಅವಳು ಬಗ್ಗಿ ಮೂಸಿದಳು. ವಾಸನೆ ಇರಲಿಲ್ಲ. ಅವಳು ಮುಂದೆ ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹರಳು ತೆಗೆದುಹಾಕಿದ್ದು ವಿಷವನ್ನಲ್ಲ, ಕಾವಲುಗಾರನನ್ನು ಎಂಬ ಇನ್ನರ್ಧ ಮಾತು ಅವನ ಬಾಯಲ್ಲೇ ಉಳಿಯಿತು. ಪ್ರಯೋಗಾಲಯದಲ್ಲಿ ದಿನಾ ಆಡುವ ಮಾತದು. ರೋಗದ ಪರೀಕ್ಷೆಗೆ ಹೋಗುವ ಪ್ರತಿ ಬಾಟಲಿಯ ತಳದಲ್ಲೂ ಹೈಪೋ ಇರುತ್ತದೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮಾಡುತ್ತಾ ಬಂದು, ಕೆಟ್ಟ ನೀರೂ ಪರೀಕ್ಷೆಯಲ್ಲಿ ಒಳ್ಳೆಯದೆಂದು ಪಾಸಾಗಿಬಿಡುತ್ತದೆ. ಗೊತ್ತಿದ್ದವನು ಗೊತ್ತಿರುವುದನ್ನು ಮನೆಯಲ್ಲಿ ಹೇಳುವುದು ಕಡಿಮೆ. ಎಲ್ಲರಿಗೂ ಗೊತ್ತು ಎಂದುಕೊಂಡಿರುತ್ತಾನೆ.

ಅಂದಿನಿಂದ ಒಂದು ಕ್ರಮ ಬಿತ್ತು. ಶನಿವಾರ ಸಂಜೆ ಹಿಂದಿನ ಓಣಿಯ ನೀಲಿ ಡ್ರಮ್ಮಿಗೆ ನಲ್ಲಿ ನೀರು ತುಂಬಿಸಿ, ಹೈಪೋ ಹಾಕಿ, ಕೋಲಿನಿಂದ ತಿರುವಿ, ಬಾಯಿಗೆ ತೆಳುಬಟ್ಟೆ ಕಟ್ಟುವುದು. ಮುಚ್ಚಳ ಹಾಕಿದರೆ ಗಾಳಿಯಾಡದೆ ನೀರು ಮಂಕಾಗುತ್ತದೆಂದು ಅವನ ನಂಬಿಕೆ. ಭಾನುವಾರ ತೊಟ್ಟಿಯ ಮೂರನೆಯ ಒಂದು ಪಾಲು ನೀರನ್ನು ಕೊಳವೆಯಿಂದ ಹೀರಿ ತೆಗೆದು ಡ್ರಮ್ಮಿನ ನೀರು ತುಂಬುವುದು. ಉಳಿದದ್ದು ವಾರವಿಡೀ ಡ್ರಮ್ಮಿನಲ್ಲೇ ಇರುವುದು, ತೊಟ್ಟಿಯ ನೀರು ಆರಿ ಇಳಿದಾಗ ಮೇಲೆ ಹಾಕಲಿಕ್ಕೆ. ಡ್ರಮ್ಮಿನ ಮೇಲುಗಡೆ ಗೋಡೆಗುಂಟ ಮಹಡಿ ಮನೆಗಳ ಕಕ್ಕಸಿನ ಕೊಳವೆ ಇಳಿದಿತ್ತು. ಅದರ ಒಂದು ಕೀಲು ಸದಾ ಬೆವರುತ್ತಿತ್ತು. ಮನೆ ಮಾಲೀಕನಿಗೆ ಎರಡು ಸಲ ಹೇಳಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಈ ಮಾಲೀಕನಿಗೆ ಒಂದು ಕೀಲು ಬಿಗಿಸಲಿಕ್ಕೂ ವರುಷ ಸಾಲಲಿಲ್ಲ. ಡ್ರಮ್ಮನ್ನು ಎರಡು ಮೊಳ ಆಚೆ ಸರಿಸಬಹುದಿತ್ತು. ಆದರೆ ಅಲ್ಲಿ ಸ್ಕೂಟರು ನಿಲ್ಲುತ್ತಿತ್ತು.

ಊರಿನ ಎಲ್ಲ ಬಾಟಲಿಗೂ ಚೀಟಿ ಅಂಟಿಸಿದವನು ತನ್ನ ಮನೆಯ ಡ್ರಮ್ಮಿಗೆ ಒಂದು ಚೀಟಿ ಅಂಟಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಈ ವರ್ಷ ಮಳೆ ಹಿಡಿದು ಹನ್ನೆರಡು ದಿನವಾದಾಗ ಅಕ್ಕನಿಗೆ ಜ್ವರ ಬಂತು. ಮೊದಲು ತಲೆನೋವು, ಆಮೇಲೆ ಮೈಬಿಸಿ, ಸಂಜೆಯಾದರೆ ಏರುವುದು, ಬೆಳಿಗ್ಗೆ ಇಳಿಯುವುದು. ಬೀದಿ ತುದಿಯ ಔಷಧಿ ಅಂಗಡಿಯ ಗುಳಿಗೆ ನುಂಗಿ ಎಂಟು ದಿನ ದೂಡಿದಳು. ಒಂಬತ್ತನೆಯ ದಿನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿದವಳು ಕರೆದರೆ ಓಗೊಡಲಿಲ್ಲ. ಅವನು ಅವಳನ್ನು ಎತ್ತಿಕೊಂಡೇ ಆಟೋ ಹತ್ತಿದ. ಅಕ್ಕ ಇಷ್ಟು ಹಗುರವಾಗಿದ್ದಾಳೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

“ಟೈಫಾಯಿಡ್” ಎಂದರು ಡಾಕ್ಟರು. “ತಡವಾಗಿ ತಂದಿದ್ದೀರಿ. ಈ ವಯಸ್ಸಿಗೆ ಕರುಳಿನ ಮೇಲೆ ಬೀಳುತ್ತೆ. ಒಂದು ವಾರ ದಾಟಿದ್ರೆ ಧೈರ್ಯ ಹೇಳಬಹುದು. ಹೊರಗಡೆ ಏನಾದ್ರೂ ತಿಂದ್ರಾ, ಕುಡಿದ್ರಾ?”

“ಅವಳು ಹೊರಗೆ ಹೋಗೋದೇ ಇಲ್ಲ ಸಾರ್. ನಮ್ಮನೆ ನೀರು ನಾನೇ ಪರೀಕ್ಷೆ ಮಾಡೋದು” ಎಂದ ಅವನು. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆಮೇಲೆ ಆ ಹೆಮ್ಮೆಯನ್ನು ನೆನೆದು ಅವನು ಬಹಳ ಸಲ ನಾಚಿದ.

ಸೋಮವಾರ ಅವನು ಕೆಲಸಕ್ಕೆ ಹೋದ. ಆಸ್ಪತ್ರೆಯಲ್ಲಿ ಸಂಜೆ ನಾಲ್ಕರವರೆಗೆ ಒಳಗೆ ಬಿಡುತ್ತಿರಲಿಲ್ಲ, ಖಾಲಿ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಆರೋಗ್ಯ ಕಚೇರಿಯಿಂದ ವಾರದ ಪಟ್ಟಿ ಬಂತು. ಊರಿನಲ್ಲಿ ಎಲ್ಲಿ ಯಾರಿಗೆ ನೀರಿನಿಂದ ಬರುವ ಕಾಯಿಲೆ ಬಂದರೂ ಆ ವಿಳಾಸಕ್ಕೆ ಹೋಗಿ ನಲ್ಲಿಯ ನೀರು ತಂದು ಪರೀಕ್ಷಿಸುವುದು ನಿಯಮ. ಪಟ್ಟಿಯಲ್ಲಿ ಹೆಸರಿರುವುದಿಲ್ಲ, ವಯಸ್ಸು ಮತ್ತು ವಿಳಾಸ ಮಾತ್ರ. ಪ್ರಯೋಗಾಲಯದ ಮುಖ್ಯಸ್ಥೆ ಕೆಮಿಸ್ಟ್ ಮೇಡಂ ಓದದೆಯೇ ಅವನ ಕೈಗಿಟ್ಟರು. ನಾಲ್ಕನೆಯ ಸಾಲಿನಲ್ಲಿ ‘ಎಪ್ಪತ್ತು, ಹೆಂಗಸು’ ಎಂದಿತ್ತು. ಪಕ್ಕದಲ್ಲಿ ಅವನ ಮನೆ.

ಅವನು ಕ್ರಮ ತಪ್ಪಿಸಲಿಲ್ಲ. ಮೊದಲ ಮೂರು ಮನೆ ಮುಗಿಸಿಯೇ ನಾಲ್ಕನೆಯದಕ್ಕೆ ಬಂದ. ಅಭ್ಯಾಸಬಲದಿಂದ ಕರೆಗಂಟೆ ಒತ್ತಿದ. ಒಳಗಿನಿಂದ ಯಾರೂ ಬರದಿದ್ದಾಗ ಕೀಲಿಕೈ ತನ್ನ ಜೇಬಿನಲ್ಲೇ ಇದೆಯೆಂದು ನೆನಪಾಯಿತು. ಅಡುಗೆಮನೆಯ ನಲ್ಲಿ ಬಿಟ್ಟು ನಳಿಗೆಯಲ್ಲಿ ನೀರು ಹಿಡಿದು ಎರಡು ಹನಿ ಹಾಕಿದ. ನಿಂಬೆ ಸಿಪ್ಪೆಯಂತೆ ಚೆನ್ನಾಗಿ ಹಳದಿಯಾಯಿತು. ಬೀದಿಯಲ್ಲೇ ಇಷ್ಟು ಒಳ್ಳೆಯ ನೀರು ಬೇರಾವ ಮನೆಯಲ್ಲೂ ಇರಲಿಲ್ಲ. ಹಾಗಿದ್ದರೆ ಕಾಯಿಲೆ ಎಲ್ಲಿಂದ ಬಂತೆಂದು ಅವನಿಗೆ ಹೊಳೆಯಲಿಲ್ಲ. ತೊಟ್ಟಿಯಲ್ಲಿ ನಾಲ್ಕೂ ಮೀನು ಆರಾಮವಾಗಿ ಈಜುತ್ತಿದ್ದವು.

ಸಂಜೆ ಆಸ್ಪತ್ರೆಯ ವಾರ್ಡಿಗೆ ಹೋದಾಗ ನರ್ಸಮ್ಮ ಅವನನ್ನು ಬಾಗಿಲಲ್ಲೇ ಹಿಡಿದಳು. “ನಿಮ್ಮ ಅಕ್ಕ ಇಲ್ಲಿನ ನೀರು ಬಾಯಿಗೆ ಇಡ್ತಿಲ್ಲ. ಗುಳಿಗೆಗೂ ಎರಡೇ ಗುಟುಕು. ವಾಸನೆ ಅಂತಾರೆ. ಮನೇಲಿ ಬೇರೆ ನೀರಿದೆಯಂತಲ್ಲ, ನೀವೇ ಮಾಡೋದಂತೆ. ಅದನ್ನಾದ್ರೂ ತಂದುಕೊಡಿ.”

“ನಾನು ಮಾಡೋದಾ?”

“ನನ್ನ ತಮ್ಮ ನೀರಿನ ಆಫೀಸಿನಲ್ಲಿದ್ದಾನೆ, ಹರಳು ಹಾಕಿ ಶುದ್ಧ ಮಾಡ್ತಾನೆ ಅಂತ ವಾರ್ಡಿಗೆಲ್ಲ ಹೇಳಿದ್ದಾರೆ” ಎಂದು ಅವಳು ನಕ್ಕಳು.

 ಅವನು ನೇರ ಮಂಚದ ಹತ್ತಿರ ಹೋದ. ಅಕ್ಕ ಕಣ್ಣು ಮುಚ್ಚಿದ್ದಳು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಕೈ ಹಿಡಿದಾಗ ಕಣ್ಣು ತೆರೆದಳು.

“ಅಕ್ಕಾ, ನೀನು ಮನೇಲಿ ಯಾವ ನೀರು ಕುಡೀತಿದ್ದೆ?”

ಅವಳು ಸಿಕ್ಕಿಬಿದ್ದ ಮಗುವಿನಂತೆ ಮುಖ ಆಚೆ ತಿರುಗಿಸಿದಳು. “ಬೈಬೇಡ ಮತ್ತೆ.”

“ಬೈಯಲ್ಲ. ಹೇಳು.”

“ಡ್ರಮ್ಮಿಂದೇ. ಮೀನಿಗೆ ಕಡಿಮೆ ಬೀಳುತ್ತೆ ಅಂತ ದಿನಕ್ಕೆ ಎರಡೇ ಚೊಂಬು. ನೀನು ಸ್ನಾನಕ್ಕೆ ಹೋದಾಗ ತಗೊಳ್ತಿದ್ದೆ.” ಸ್ವಲ್ಪ ಉಸಿರು ಎಳೆದುಕೊಂಡು ಮುಂದುವರಿಸಿದಳು. “ಎಷ್ಟು ರುಚಿ ಗೊತ್ತಾ. ವಾಸನೆ ಇಲ್ಲ, ಏನಿಲ್ಲ. ನಿನಗೂ ಒಂದು ಚೊಂಬು ಎತ್ತಿಡೋಣ ಅನ್ನಿಸ್ತಿತ್ತು. ನೀನೆಲ್ಲಿ ಆ ಬಾಟಲಿ ಬಿಡ್ತೀಯಾ.”

“ಎಷ್ಟು ದಿನದಿಂದ?”

“ಆ ಮೀನು ಸತ್ತಾಗಿನಿಂದ. ನೀನೇ ಹೇಳಿದ್ಯಲ್ಲ, ಹರಳು ಹಾಕಿದ್ರೆ ವಿಷ ಹೋಗುತ್ತೆ ಅಂತ.”

ಅವನು ಬೈಯಲಿಲ್ಲ. ಬೈಯಲು ಅಲ್ಲಿ ಅವನ ಹೊರತು ಬೇರೆ ಯಾರೂ ಇರಲಿಲ್ಲ. ನಾಲ್ಕು ಪೆದ್ದ ಮೀನುಗಳ ಪಾಲಿನ ನೀರು ಕದ್ದೆನೆಂದು ಎಪ್ಪತ್ತರ ಹೆಂಗಸು ಎರಡು ವರ್ಷ ತಮ್ಮನ ಕಣ್ಣು ತಪ್ಪಿಸಿದ್ದಳು. ಅವಳ ಮಂಚದ ತಲೆಯ ಬಳಿ ಕಬ್ಬಿಣದ ಸರಳಿಗೆ ಒಂದು ಚೀಟಿ ನೇತಾಡುತ್ತಿತ್ತು. ಹೆಸರು, ವಯಸ್ಸು, ಕಾಯಿಲೆ, ದಿನ. ಅಕ್ಷರ ಕೆಟ್ಟದಾಗಿತ್ತು.

“ಅದನ್ನೂ ಓದಿದೆ” ಎಂದಳು ಅಕ್ಕ, ಅವನ ನೋಟ ಹೋದ ಕಡೆ ನೋಡಿ. “ಬರೆದವನಿಗೆ ಯಾರೂ ತಿದ್ದಿಸಿಲ್ಲ. ನಾಳೆ ಬರುವಾಗ ಒಂದು ಬಾಟಲಿ ಮೀನಿನ ನೀರು ತಾ. ಬಾಯೆಲ್ಲ ಕಹಿ.”

ಮನೆಗೆ ಬಂದವನು ದೀಪ ಹಾಕದೆ ನೇರ ಹಿಂದಿನ ಓಣಿಗೆ ಹೋದ. ಇನ್ನೂ ಬೆಳಕಿತ್ತು. ಡ್ರಮ್ಮಿನ ಬಾಯಿಗೆ ಕಟ್ಟಿದ್ದ ಬಟ್ಟೆಯ ನಡುವೆ ಅಂಗೈಯಗಲ ಕಂದು ಕಲೆಯಿತ್ತು. ಅವನು ನೋಡುತ್ತಿದ್ದಂತೆಯೇ ಮೇಲಿನ ಕೀಲಿನಿಂದ ಒಂದು ಹನಿ ಜಾರಿ ಅದೇ ಕಲೆಯ ಮೇಲೆ ಬಿತ್ತು. ಮಳೆಗಾಲದಲ್ಲಿ ಕಟ್ಟಿಕೊಂಡ ಕೊಳವೆ ಹೆಚ್ಚಾಗಿ ಸೋರುತ್ತಿತ್ತು. ಮೀನುಗಳಿಗೆ ಅದರಿಂದ ಏನೂ ಆಗಿರಲಿಲ್ಲ, ಆಗುವುದೂ ಇಲ್ಲ. ನಳಿಗೆಯಲ್ಲಿ ಡ್ರಮ್ಮಿನ ನೀರು ತುಂಬಿ ಎರಡು ಹನಿ ಹಾಕಿದ. ನೀರು ನೀರಾಗಿಯೇ ಉಳಿಯಿತು. ಇನ್ನೆರಡು ಹನಿ ಹಾಕಿದ. ಮೂವತ್ತೊಂದು ವರ್ಷದಲ್ಲಿ ಅವನು ನಾಲ್ಕನೆಯ ಹನಿ ಹಾಕಿದ್ದು ಅದೇ ಮೊದಲು. ಬಣ್ಣ ಬರಲಿಲ್ಲ.

ರೋಗದ ಪರೀಕ್ಷೆಯ ಬಾಟಲಿಯನ್ನೂ ತುಂಬಿದ. ಚೀಟಿ ತೆಗೆದು ಬೀದಿ ಬರೆದ, ಮನೆ ಬರೆದ. ‘ಯಾವ ನಲ್ಲಿ’ ಎಂಬಲ್ಲಿ ಪೆನ್ನು ನಿಂತಿತು. ಆಮೇಲೆ ‘ಹಿಂದಿನ ಓಣಿಯ ಡ್ರಮ್’ ಎಂದು ದುಂಡಗೆ ಬರೆದು ಸಹಿ ಹಾಕಿದ.

ಮಂಗಳವಾರ ಬೆಳಿಗ್ಗೆ ಪ್ರಯೋಗಾಲಯದ ಬಿಸಿ ಪೆಟ್ಟಿಗೆಯಲ್ಲಿ ಇಟ್ಟ ಬಾಟಲಿ ಗುರುವಾರ ಬೆಳಿಗ್ಗೆ ಕಪ್ಪಾಗಿತ್ತು. ಕಪ್ಪಾದರೆ ನೀರಿಗೆ ಕಕ್ಕಸಿನ ಹೊಲಸು ಸೇರಿದೆ ಎಂದು ಅಲ್ಲಿ ನೆಲ ಒರೆಸುವವಳಿಗೂ ಗೊತ್ತು. ಕೆಮಿಸ್ಟ್ ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು, “ಅಬ್ಬಾ, ಯಾರ ಮನೇದು ಇದು? ಜನ ಇನ್ನೂ ಇಂಥ ನೀರು ಕುಡೀತಾರಾ?” ಎಂದರು.

“ನಮ್ಮನೇದು ಮೇಡಂ.”

ಅವರು ಚೀಟಿ ಓದಿದರು. ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. ಮೀನಿನ ಹೈಪೋ ಪೊಟ್ಟಣವನ್ನು ಅವನಿಗೆ ಕೊಟ್ಟವರು ಅವರೇ. “ನಮ್ಮ ನಲ್ಲಿ ನೀರು ಸರಿ ಇದೆಯಲ್ಲ. ಡ್ರಮ್ಮು ನಮ್ಮ ಲೆಕ್ಕಕ್ಕೆ ಬರಲ್ಲ. ವರದಿಯಲ್ಲಿ ಬರೀಲೇಬೇಕು ಅಂತಿಲ್ಲ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

“ಬರೀರಿ ಮೇಡಂ. ಎಲ್ಲಿಂದ ಬಂತು ಅಂತ ಗೊತ್ತಿದ್ದೂ ಬರೀದಿದ್ರೆ ಈ ಮೂವತ್ತೊಂದು ವರ್ಷ ನಾನು ಅಂಟಿಸಿದ್ದು ಏನು?” ಎಂದು ಅವನು ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋದ. ಪಂಪ್ ಮನೆಯ ಗೋಡೆಯ ಹಿಂದೆ ನಿಂತು ಅತ್ತ. ಯಾರಾದರೂ ಬಂದಾರೆಂದು ಬೇಗ ಮುಗಿಸಿದ.

ಆ ಸಂಜೆ ಅವನು ಆಸ್ಪತ್ರೆಗೆ ಒಂದು ಬಾಟಲಿ ನೀರು ಒಯ್ದ. ಸೋಸು ತೊಟ್ಟಿಯ ನೀರು, ಅವನದೇ ಬಾಟಲಿ. ಹಿಂದಿನ ಎರಡು ದಿನವೂ ‘ಮರೆತೆ’ ಎಂದು ತಪ್ಪಿಸಿಕೊಂಡಿದ್ದ. ಅಕ್ಕನ ಹೊಟ್ಟೆ ಉಬ್ಬಿತ್ತು. ಮಾತು ತುಂಡುತುಂಡಾಗಿ ಬರುತ್ತಿತ್ತು. ಅವನು ತಲೆ ಎತ್ತಿ ಹಿಡಿದು ಚಮಚದಿಂದ ಬಾಯಿಗೆ ಬಿಟ್ಟ. ಅವಳು ನುಂಗುವ ಮೊದಲೇ ಮುಖ ಕಿವುಚಿದಳು.

“ಇದು ಅದಲ್ಲ. ವಾಸನೆ ಬರ್ತಿದೆ.”

ಅವನು ಮೂರು ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತೆಲ್ಲ ಗಂಟಲವರೆಗೆ ಬಂತು. ಹೇಳಿಬಿಟ್ಟರೆ ತನ್ನ ಎದೆಯ ಭಾರ ಇಳಿಯುತ್ತಿತ್ತು. ಇಳಿದ ಭಾರ ಹೋಗಿ ಕೂರುವುದು ಅವಳ ಎದೆಯ ಮೇಲೆ. ತಾನು ಆಸೆಪಟ್ಟು ಕುಡಿದದ್ದು ಏನು ಎಂದು ಅವಳಿಗೆ ಈಗ ತಿಳಿಯಬೇಕಾದ್ದಿಲ್ಲ.

“ಅದೇ ಅಕ್ಕಾ. ಮೀನಿನ ನೀರೇ. ಬಾಟಲಿ ವಾಸನೆ ಅಷ್ಟೆ.”

ಅವಳು ಅವನ ಮುಖ ನೋಡಿದಳು. “ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಾಗುತ್ತೆ. ಚಿಕ್ಕವನಿದ್ದಾಗಿನಿಂದ.” ಆಮೇಲೆ ಬಾಯಿ ತೆರೆದಳು. “ಹಾಕು. ನೀನು ಅದೇ ಅಂದ್ರೆ ಅದೇ.”

ಅವನು ಹಾಕಿದ. ಜೀವಮಾನವಿಡೀ ಅವಳಿಗೆ ಆಗದ ವಾಸನೆಯ ನೀರನ್ನು ಹನ್ನೊಂದು ಚಮಚ ಕುಡಿದಳು. ಆ ನೀರಿನಲ್ಲಿ ಕಾವಲಿತ್ತು, ಆದರೆ ಕಾಯುವುದಕ್ಕೆ ತಡವಾಗಿತ್ತು.

ಮರುದಿನ ಮಧ್ಯಾಹ್ನ ಅವಳ ಕರುಳು ತೂತಾಯಿತು. ಆಪರೇಷನ್ ತಡೆಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮೂರೂವರೆಗೆ ಅವಳು ತೀರಿಕೊಂಡಳು. ನಾಲ್ಕು ಗಂಟೆಗೆ ಒಳಗೆ ಬಿಡುವ ಗಂಟೆ ಬಾರಿಸಿದಾಗ ಅವನು ಎಲ್ಲರಿಗಿಂತ ಮುಂದೆ, ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ನರ್ಸಮ್ಮ ಅವನ ಕೈಯಿಂದ ಬಾಟಲಿ ತೆಗೆದುಕೊಂಡ ಮೇಲೆ ಹೇಳಿದಳು.

ಬಂದವರು ಬಂದರು, ಅತ್ತರು, ಹೋದರು. “ಆಯಸ್ಸು ಅಷ್ಟೇ ಇತ್ತು ಬಿಡು” ಎಂದರು. ಸಂಕಟಕ್ಕೆ ಜನ ಅದನ್ನು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಅವನು ತಲೆಯಾಡಿಸಿದ. ಆಯಸ್ಸು ಅಷ್ಟೇ ಇರಲಿಲ್ಲವೆಂದು, ಇನ್ನೂ ಇತ್ತೆಂದು, ಅವನೊಬ್ಬನಿಗೆ ಖಂಡಿತವಾಗಿ ಗೊತ್ತಿತ್ತು. ವರದಿಯಲ್ಲಿ ಬರೆದೂ ಇತ್ತು.

ಎರಡನೆಯ ಭಾನುವಾರ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಎರಡು ವಾರದಿಂದ ಯಾರೂ ನೀರು ಬದಲಿಸಿರಲಿಲ್ಲ. ತೊಟ್ಟಿ ಮಬ್ಬಾಗಿತ್ತು. ಅವನು ನಲ್ಲಿಯಿಂದ ಒಂದು ಬಕೆಟ್ಟು ಹಿಡಿದು ತಂದು ತೊಟ್ಟಿಯ ಅಂಚಿಗೆ ಎತ್ತಿ ಹಿಡಿದ. ಸುರಿದರೆ ಹತ್ತು ನಿಮಿಷ. ಆ ಕ್ಷಣ ಅವನಿಗೆ ಆ ನಾಲ್ಕು ಮೀನುಗಳ ಮೇಲೆ ಬಂದಷ್ಟು ಸಿಟ್ಟು ಮನೆ ಮಾಲೀಕನ ಮೇಲೂ ಬಂದಿರಲಿಲ್ಲ. ಎದುರಿಗೆ ಹೊಲಿಗೆ ಯಂತ್ರ ತೊಟ್ಟಿಯ ಕಡೆಗೇ ತಿರುಗಿ ನಿಂತಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ಯಾವುದೋ ಮಗುವಿನ ಅಂಗಿಯ ತೋಳಿತ್ತು. ಅವನು ಬಕೆಟ್ಟು ಇಳಿಸಿದ. 

ಆಮೇಲೆ ಎಲ್ಲ ಕ್ರಮವಾಗಿ ಮಾಡಿದ. ಸ್ಕೂಟರನ್ನು ಬೀದಿಗೆ ತಳ್ಳಿದ. ಡ್ರಮ್ಮನ್ನು ಬರಿದು ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಮೂರು ಸಲ ತೊಳೆದು, ಸ್ಕೂಟರಿನ ಜಾಗಕ್ಕೆ ಸರಿಸಿದ. ಅದು ಎರಡೇ ಮೊಳ ದೂರ. ಹೊಸ ನೀರು ತುಂಬಿಸಿ ಹೈಪೋ ಹಾಕಿದ, ತಿರುವಿದ. ಗಟ್ಟಿ ಮುಚ್ಚಳ ತಂದಿದ್ದ, ಅದನ್ನು ಒತ್ತಿ ಕೂರಿಸಿದ. ಕಪ್ಪು ಬಣ್ಣದ ಡಬ್ಬಿ ತೆರೆದು, ಕುಂಚ ಅದ್ದಿ, ನೀಲಿ ಡ್ರಮ್ಮಿನ ಹೊಟ್ಟೆಯ ಮೇಲೆ ಬರೆಯತೊಡಗಿದ. ಒಂದೊಂದು ಅಕ್ಷರವೂ ಗೇಣುದ್ದ. ಅಡುಗೆಮನೆಯ ಬಾಗಿಲಲ್ಲಿ ಚೊಂಬು ಹಿಡಿದು ನಿಂತವರಿಗೂ, ಕನ್ನಡಕವಿಲ್ಲದೆಯೂ ಕಾಣಬೇಕು ಎಂಬ ಲೆಕ್ಕ. ‘ಕುಡಿಯುವ ನೀರಲ್ಲ’ ಎಂದು ಬರೆದು, ಕೆಳಗೆ ದಿನ ಹಾಕಿ, ಸಣ್ಣ ಸಹಿ ಹಾಕಿದ.

ಬಣ್ಣ ಆರುವವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ. ಚೆನ್ನಾಗಿ ಕಾಣುತ್ತಿತ್ತು. ಅಕ್ಷರಗಳು ದುಂಡಗೆ ಬಂದಿದ್ದವು, ಓದುವವರಿಗೆ ಎಲ್ಲೂ ಕಷ್ಟವಿರಲಿಲ್ಲ. ಬರೆದದ್ದನ್ನು ಓದಿ, ಓದಿದ ಹಾಗೆಯೇ ನಡೆಯುವವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು.